ತಿರುಪಿನ ಗುಟ್ಟು

ಹಬ್ಬ ಸಮೀಪಿಸಿತೆಂದರೆ ಅಟ್ಟದ ಮೇಲಿನಿಂದ ಶ್ಯಾವಿಗೆ ಒರಳು ಕೆಳಗಿಳಿಯುವ ಮನೆಗಳು ಬೆಂಗಳೂರಿನಲ್ಲಿ ಇನ್ನೂ ಉಳಿದಿವೆ. ಮೂರು ಕಾಲಿನ ಚೌಕಟ್ಟು, ನಡುವೆ ಹಿತ್ತಾಳೆಯ ಕೊಳವೆ, ಕೊಳವೆಯೊಳಕ್ಕೆ ಇಳಿಯುವ ಒಂದು ಉದ್ದನೆಯ ತಿರುಪು, ಅದರ ತಲೆಯ ಮೇಲೊಂದು ಅಡ್ಡಹಿಡಿ, ಯಂತ್ರವೆಂದರೆ ಇಷ್ಟೇ. ಬೆಂದ ಹಿಟ್ಟಿನ ಉಂಡೆಯನ್ನು ಬಿಸಿಯಾಗಿರುವಾಗಲೇ ಕೊಳವೆಯಲ್ಲಿಟ್ಟು ಹಿಡಿಯನ್ನು ತಿರುಗಿಸಿದರೆ, ಕೆಳಗೆ ಹಿಡಿದ ತಟ್ಟೆಗೆ ನೂಲು ನೂಲಾಗಿ ಶ್ಯಾವಿಗೆ ಇಳಿಯುತ್ತದೆ.

ನಮ್ಮ ಮನೆಯ ಒರಳು ತಾಯಿಯವರ ಕಾಲದ್ದು. ಅದರ ತಿರುಪು ಸವೆದು, ಹಿಡಿ ತಿರುಗಿದರೂ ತಾನಿಳಿಯದೆ ಜಾರತೊಡಗಿದಾಗ, ನಗರದ ಪಶ್ಚಿಮ ಭಾಗದ ಒಂದು ಕಾರ್ಖಾನೆಯಲ್ಲಿ ಹೊಸದನ್ನು ಮಾಡಿಸಿದೆವು. ಬಂದ ವಸ್ತುವನ್ನು ನೋಡಿ ಮನೆಮಂದಿಯೆಲ್ಲ ಬೆರಗಾದರು. ನಿಕ್ಕಲ್ ಲೇಪ ಕೊಟ್ಟು ಬೆಳ್ಳಿಯ ದಂಡದಂತೆ ಮಾಡಿದ್ದರು; ಮುಖ ನೋಡಿಕೊಳ್ಳಬಹುದಿತ್ತು. ಕಾರ್ಖಾನೆಯವರು ಎರಡು ಸುತ್ತು ತಿರುಗಿಸಿಯೂ ತೋರಿಸಿದ್ದರು. ಆದರೆ ಹಬ್ಬದ ಬೆಳಿಗ್ಗೆ, ಹಿಟ್ಟು ತುಂಬಿ ತಿರುಗಿಸಿದರೆ, ಆರನೆಯ ಸುತ್ತಿಗೆ ತಿರುಪು ಬಿಗಿದು ನಿಂತಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಅದನ್ನು ಬಿಡಿಸುವಷ್ಟರಲ್ಲಿ ಹಿಟ್ಟು ಆರಿ ಕಲ್ಲಾಗಿತ್ತು. ಆ ದಿನ ನೆಂಟರಿಗೆ ಚಿತ್ರಾನ್ನವೇ ಗತಿಯಾಯಿತು.

ಆ ತಿರುಪನ್ನು ಚೀಲದಲ್ಲಿಟ್ಟುಕೊಂಡು ಕಾಮಾಕ್ಷಿಪಾಳ್ಯದ ಒಬ್ಬ ಹಿರಿಯ ಮೇಸ್ತ್ರಿಗಳ ಬಳಿಗೆ ಹೋದೆನು. ನಾಲ್ಕು ದಶಕಗಳಿಂದ ಲೇತಿನ ಮುಂದೆ ನಿಂತವರು. ಅವರು ತಿರುಪಿನ ಹೊಳಪನ್ನು ನೋಡಲೇ ಇಲ್ಲ. ಬಾಚಣಿಗೆಯಂತೆ ಹಲ್ಲುಗಳಿರುವ ಪುಟ್ಟ ಅಳತೆಪಟ್ಟಿಯೊಂದನ್ನು ಅದರ ಮೇಲೆ ಇಟ್ಟು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೇಳಿದರು: “ಕನ್ನಡಿ ಬೇಕಾದ್ರೆ ಅಂಗಡೀಲಿ ಸಿಗುತ್ತೆ ಸ್ವಾಮಿ. ನಿಮಗೆ ಬೇಕಾಗಿದ್ದು ತಿರುಪು.”

ಉದ್ದನೆಯ ತಿರುಪೊಂದನ್ನು ಮಾಡುವುದು ಅಷ್ಟು ಕಷ್ಟವೇ ಎಂದು ವಾಚಕರು ಕೇಳಬಹುದು. ಅಂದು ನಾನೂ ಅದನ್ನೇ ಕೇಳಿದೆನು. ಅವರಿಂದ ತಿಳಿದದ್ದನ್ನೂ, ಅನಂತರ ಓದಿ ತಿಳಿದದ್ದನ್ನೂ ಇಲ್ಲಿ ಕೊಡುತ್ತಿದ್ದೇನೆ.

ತಿರುಪೆಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ತ್ರಿಕೋನಾಕಾರದ ಕಾಗದವೊಂದನ್ನು ಪೆನ್ಸಿಲಿಗೆ ಸುತ್ತಿದರೆ ಅದರ ಓರೆ ಅಂಚು ತಿರುಪಿನ ಸುತ್ತಾಗುತ್ತದೆ. ಮಕ್ಕಳಿಗೆ ಮಾಡಿ ತೋರಿಸಬಹುದು. ಒಂದು ಸುತ್ತಿನಿಂದ ಪಕ್ಕದ ಸುತ್ತಿಗಿರುವ ದೂರಕ್ಕೆ ಕೆಲಸಗಾರರು ಪಿಚ್ ಎನ್ನುತ್ತಾರೆ. ನಮ್ಮ ಒರಳಿನ ಹಿಡಿ ನಡುವಿನಿಂದ ತುದಿಗೆ 20 ಸೆಂಟಿಮೀಟರ್. ಕೈ ಒಂದು ಸುತ್ತು ಬಂದರೆ ಸುಮಾರು 125 ಸೆಂಟಿಮೀಟರ್ ದಾರಿ ನಡೆದಂತಾಯಿತು. ಅಷ್ಟರಲ್ಲಿ ತಿರುಪು ಇಳಿಯುವುದು ಒಂದು ಪಿಚ್, ಎಂದರೆ ಕೇವಲ ಅರ್ಧ ಸೆಂಟಿಮೀಟರ್. ಲೆಕ್ಕದ ಮಾತಿನಲ್ಲಿ ಕೈಯ ಬಲ 250 ಪಟ್ಟು ಹೆಚ್ಚಬೇಕು. ಇದರಲ್ಲಿ ಮೂರರಲ್ಲಿ ಎರಡು ಪಾಲನ್ನು ಘರ್ಷಣೆಯೇ ನುಂಗುತ್ತದೆಂದುಕೊಂಡರೂ ಎಂಬತ್ತು ಪಟ್ಟು ಉಳಿಯುತ್ತದೆ. ಐದು ಕಿಲೋಗ್ರಾಂ ತೂಕದಷ್ಟು ಬಲ ಕೊಟ್ಟ ಕೈ, ಹಿಟ್ಟಿನ ಮೇಲೆ 400 ಕಿಲೋಗ್ರಾಂ ಭಾರವನ್ನು ಹೇರುತ್ತದೆ.

ಈ ಘರ್ಷಣೆಯನ್ನು ಬರಿಯ ಶತ್ರುವೆಂದು ತಿಳಿಯಬಾರದು. ಹಿಡಿಯಿಂದ ಕೈ ತೆಗೆದರೂ ತಿರುಪು ಹಿಂದಕ್ಕೆ ತಿರುಗದೆ ಇದ್ದಲ್ಲಿಯೇ ನಿಲ್ಲುವುದು ಅದರ ದಯೆಯಿಂದಲೇ. ಕಾರನ್ನೆತ್ತುವ ಜ್ಯಾಕು, ಬಡಗಿಯ ವೈಸು, ಪುಸ್ತಕ ಕಟ್ಟುವವರ ಒತ್ತುಯಂತ್ರ, ಎಲ್ಲವೂ ಇದನ್ನೇ ನಂಬಿವೆ. ಘರ್ಷಣೆಯನ್ನು ಕಡಮೆ ಮಾಡಲು ತಿರುಪಿಗೂ ನಟ್ಟಿಗೂ ನಡುವೆ ಉಕ್ಕಿನ ಗುಂಡುಗಳನ್ನು ಉರುಳಬಿಡುವ ಬಾಲ್ ಸ್ಕ್ರೂ ಎಂಬುದುಂಟು. ಕೊಟ್ಟ ಶ್ರಮದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಅದು ಹಿಂದಿರುಗಿಸುತ್ತದೆ. ಆದರೆ ನಿಲ್ಲಿಸಿದಲ್ಲಿ ತಾನಾಗಿ ನಿಲ್ಲುವುದಿಲ್ಲ. ನೇರವಾಗಿ ನಿಲ್ಲಿಸಿ ಭಾರ ಹೇರಿದರೆ ಅದಕ್ಕೆ ಬ್ರೇಕು ಬೇಕು.

ಇನ್ನು ಮಾಡುವ ಬಗೆ. ಹಳೆಯದು ಲೇತಿನ ಮೇಲೆ ಕೊರೆಯುವುದು. ಉಕ್ಕಿನ ಸರಳು ತನ್ನ ಸುತ್ತ ತಾನು ತಿರುಗುತ್ತಿರುತ್ತದೆ. ಉಳಿ ಅದರ ಉದ್ದಕ್ಕೂ ಒಂದೇ ಸಮನಾಗಿ ಸರಿಯಬೇಕು. ಉಳಿಯನ್ನು ಹಾಗೆ ಸರಿಸುವುದು ಲೇತಿನ ಹೊಟ್ಟೆಯಲ್ಲಿಯೇ ಇರುವ ಇನ್ನೊಂದು ಉದ್ದನೆಯ ತಿರುಪು. ಅದಕ್ಕೆ ಲೀಡ್ ಸ್ಕ್ರೂ ಎಂದು ಹೆಸರು. ಅದರ ಪಿಚ್ 6 ಮಿಲಿಮೀಟರ್ ಆಗಿದ್ದು ನಮಗೆ 3 ಮಿಲಿಮೀಟರ್ ಬೇಕಾದರೆ, ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಸರಳು ಎರಡು ಸುತ್ತು ತಿರುಗುವಂತೆ ಹಲ್ಲಿನ ಚಕ್ರಗಳನ್ನು ಜೋಡಿಸುತ್ತಾರೆ. ನಮ್ಮ ದೇಶದಲ್ಲಿ 1956ರ ಅಳತೆ-ತೂಕಗಳ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಬಂದಾಗ, ಅಂಗುಲದ ಲೀಡ್ ಸ್ಕ್ರೂ ಇದ್ದ ಹಳೆಯ ಲೇತುಗಳಿಗೆ 127 ಹಲ್ಲಿನ ಚಕ್ರವೊಂದು ಆಪದ್ಬಾಂಧವನಾಯಿತು. ಒಂದು ಅಂಗುಲವೆಂದರೆ ಸರಿಯಾಗಿ 25.4 ಮಿಲಿಮೀಟರ್; 254ರ ಅರ್ಧ 127. ಆ ಒಂದು ಚಕ್ರ ಸೇರಿದರೆ ಅಂಗುಲದ ಲೇತು ಮಿಲಿಮೀಟರಿನ ತಿರುಪನ್ನು ಲೇಶವೂ ತಪ್ಪದೆ ಕೊರೆಯುತ್ತದೆ.

ಆದರೆ ತಿರುಪನ್ನು ಮಾಡಲು ತಿರುಪು ಬೇಕೆಂದಾಯಿತಲ್ಲ! ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಲೀಡ್ ಸ್ಕ್ರೂವಿನಲ್ಲಿ ಎಲ್ಲಿ ಡೊಂಕಿದೆಯೋ, ಎಲ್ಲಿ ಸವೆದಿದೆಯೋ, ಆ ದೋಷ ಅದರಿಂದ ಹುಟ್ಟುವ ತಿರುಪಿಗೆಲ್ಲ ಇಳಿಯುತ್ತದೆ. ಹಾಗಾದರೆ ಮೊಟ್ಟಮೊದಲ ನಿರ್ದೋಷ ತಿರುಪು ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ಬಿಡಿಸಿದವರಲ್ಲಿ ಹೆನ್ರಿ ಮಾಡ್‌ಸ್ಲೆ ಎಂಬ ಆಂಗ್ಲ ಕುಶಲಕರ್ಮಿ ಮುಖ್ಯನು. 1771ರಲ್ಲಿ ಹುಟ್ಟಿದ ಈತ, ಹತ್ತೊಂಬತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ಲೀಡ್ ಸ್ಕ್ರೂ ಮತ್ತು ಬದಲಿಸಬಹುದಾದ ಹಲ್ಲಿನ ಚಕ್ರಗಳಿರುವ ಲೇತನ್ನು ಮಾಡಿದ್ದನು. ಮೂಲ ತಿರುಪಿಗಾಗಿ ಆತ ಮೃದುವಾದ ವಸ್ತುವಿನ ಕಂಬಿಗೆ ಅರ್ಧಚಂದ್ರಾಕಾರದ ಅಲಗೊಂದನ್ನು ಲೆಕ್ಕ ಹಾಕಿದ ಓರೆಯಲ್ಲಿ ಒತ್ತಿ ಹಿಡಿದು ತಿರುಗಿಸಿದನು. ಅಲಗು ತನ್ನ ಓರೆಯಿಂದಲೇ ಸುತ್ತನ್ನು ಕೊರೆಯುತ್ತ ಮುಂದೆ ಸಾಗಿತು. ಹೀಗೆ ಹುಟ್ಟಿದವುಗಳಲ್ಲಿ ಉತ್ತಮವಾದುದನ್ನು ಆಯ್ದು, ತಿದ್ದಿ, ಅದರಿಂದ ಇನ್ನೊಂದನ್ನು ಪಡೆಯುತ್ತ ಹೋದನು. ಆತನ ಒಂದು ತಿರುಪು ಐದು ಅಡಿ ಉದ್ದ, ಎರಡು ಅಂಗುಲ ದಪ್ಪವಿದ್ದು, ಅಂಗುಲಕ್ಕೆ 50 ಸುತ್ತುಗಳನ್ನು ಹೊಂದಿತ್ತು. ಅದರ ನಟ್ಟೇ ಒಂದು ಅಡಿ ಉದ್ದ. ಅದರಲ್ಲಿ 600 ಸುತ್ತುಗಳು. ಅಷ್ಟು ಉದ್ದದ ನಟ್ಟು ಏತಕ್ಕೆಂದರೆ, ಅಲ್ಲೊಂದು ಇಲ್ಲೊಂದು ಸುತ್ತಿನ ತಪ್ಪು ನೂರಾರು ಸುತ್ತುಗಳ ನಡುವೆ ಹಂಚಿಹೋಗಿ ಕರಗಲಿ ಎಂದು. ಈತನ ಕಾರ್ಖಾನೆಯಲ್ಲಿ ಪಳಗಿದ ಜೋಸೆಫ್ ವ್ಹಿಟ್‌ವರ್ತ್, 1841ರಲ್ಲಿ ತಿರುಪುಗಳ ಆಕಾರಕ್ಕೂ ಅಳತೆಗೂ ಒಂದು ಸಾಮಾನ್ಯ ನಿಯಮವನ್ನು ಸೂಚಿಸಿದನು.

ಉದ್ದ ನಟ್ಟಿನ ಇದೇ ಉಪಾಯವನ್ನು ಅಮೆರಿಕದ ಭೌತವಿಜ್ಞಾನಿ ಹೆನ್ರಿ ರೋಲೆಂಡ್ 1880ರ ದಶಕದ ಆರಂಭದಲ್ಲಿ ಪರಾಕಾಷ್ಠೆಗೆ ಒಯ್ದನು. ಸೀಳಿದ ಉದ್ದನೆಯ ನಟ್ಟೊಂದನ್ನು ತಿರುಪಿನ ಮೇಲೆ ಬಿಗಿದು, ಎಣ್ಣೆ ಮತ್ತು ಎಮರಿ ಪುಡಿ ಹಾಕಿ, ಆಗಾಗ ತುದಿ ಬದಲಿಸುತ್ತ, ಬಹುಕಾಲ ಹಿಂದಕ್ಕೂ ಮುಂದಕ್ಕೂ ಓಡಿಸಿದನು. ಉಬ್ಬಿದ್ದುದೆಲ್ಲ ತಾನಾಗಿ ಸವೆಯಿತು. ಅಂತಹ ತಿರುಪಿನ ನೆರವಿನಿಂದ ಆತ ಒಂದು ಅಂಗುಲದಲ್ಲಿ 14,438 ಗೆರೆಗಳನ್ನು ಎಳೆದು, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಫಲಕಗಳನ್ನು ಮಾಡಿದನು.

ಈ ವಿದ್ಯೆ ನಮ್ಮಲ್ಲಿಯೂ ಹೊಸದಲ್ಲ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಕನ್ನಡನಾಡಿನ ಲೇತುಗಳಿಗೆ ಹೆಸರು ತಂದಿತು, ಅದೀಗ ಮುಚ್ಚಿಹೋಗಿದೆ. 1949ರಲ್ಲಿ, ಅಂದಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರಿನಲ್ಲಿ, ಕೈಗಾರಿಕಾ ಉಪನಗರವಾಗಿ ರಾಜಾಜಿನಗರ ತಲೆಯೆತ್ತಿತು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಸ್ಥಾಪಿತವಾಗಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಲೇತುಗಳನ್ನು ಮಾಡತೊಡಗಿತು. 1962ರಲ್ಲಿ ತುಮಕೂರು ರಸ್ತೆಯ ಮೇಲೆ, ಚೆಕೊಸ್ಲೊವಾಕಿಯದ ನೆರವಿನೊಡನೆ, ಯಂತ್ರೋಪಕರಣಗಳ ಕೇಂದ್ರ ಸಂಸ್ಥೆ ಹುಟ್ಟಿತು, ಸಿ.ಎಂ.ಟಿ.ಐ. ಎಂದು ಅದು ಇಂದಿಗೂ ಪ್ರಸಿದ್ಧವಾಗಿದೆ. ಇವುಗಳ ಸುತ್ತ ರಾಜಾಜಿನಗರ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಅನಂತರ ಪೀಣ್ಯ, ಎಲ್ಲೆಡೆ ಒಂದೆರಡು ಲೇತಿನ ಪುಟ್ಟ ಕಾರ್ಖಾನೆಗಳು ಬೆಳೆದವು. ರಾಜಾಜಿನಗರದ ಹಲವು ಕಾರ್ಖಾನೆಗಳ ಜಾಗದಲ್ಲಿ ಇಂದು ವಸತಿ ಸಮುಚ್ಚಯಗಳು ನಿಂತಿವೆ. ಆದರೂ ಒಳರಸ್ತೆಗಳಲ್ಲಿ ನಡೆದರೆ ಲೇತಿನ ಸದ್ದು ಕಿವಿಗೆ ಬೀಳದಿರದು.

ಮೇಸ್ತ್ರಿಗಳು ಹೇಳಿದಂತೆ, ಗಿಡ್ಡ ತಿರುಪು ಮಾಡುವುದು ಕೈಕೆಲಸ. ಉದ್ದ ತಿರುಪು ಮಾಡುವುದು ತಾಳ್ಮೆಯ ಕೆಲಸ. ಸರಳಿನ ಉದ್ದ ಎರಡರಷ್ಟಾದರೆ, ಅದೇ ಉಳಿಯ ಅದೇ ಒತ್ತಡಕ್ಕೆ ಅದು ನಡುವೆ ಎಂಟರಷ್ಟು ಬಾಗುತ್ತದೆ. ಬಾಗಿದಲ್ಲಿ ಉಳಿ ಕಡಮೆ ಕೊರೆಯುತ್ತದೆ. ತಿರುಪು ನಡುವೆ ದಪ್ಪ, ತುದಿಗಳಲ್ಲಿ ಸಣ್ಣ ಆಗುತ್ತದೆ. ಆದುದರಿಂದ ಉಳಿಯ ಬೆನ್ನಿಗೇ ಒಂದು ಆಸರೆಯನ್ನು ಓಡಿಸುತ್ತಾರೆ. ಒಮ್ಮೆಗೇ ಆಳಕ್ಕೆ ಇಳಿಯದೆ, ತೆಳುವಾಗಿ ಹಲವು ಬಾರಿ ಕೊರೆಯುತ್ತಾರೆ.

ಶಾಖ ಎರಡನೆಯ ತೊಡಕು. ಒಂದು ಮೀಟರ್ ಉದ್ದದ ಉಕ್ಕು ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 115 ಮೈಕ್ರಾನ್ ಬೆಳೆಯುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕೊರೆಯುವಾಗ ಸರಳು ಬಿಸಿಯಾಗುತ್ತದೆ, ಲೀಡ್ ಸ್ಕ್ರೂ ತಣ್ಣಗಿರುತ್ತದೆ. ಬಿಸಿಯಲ್ಲಿ ಸರಿಯಾಗಿದ್ದ ಪಿಚ್ ಆರಿದ ಮೇಲೆ ಕುಗ್ಗುತ್ತದೆ. ಉತ್ತಮ ಬಾಲ್ ಸ್ಕ್ರೂಗಳ ಐದನೆಯ ದರ್ಜೆಯಲ್ಲಿ 300 ಮಿಲಿಮೀಟರ್ ಉದ್ದಕ್ಕೆ ಕ್ಷಮಿಸುವ ತಪ್ಪು ಕೇವಲ 23 ಮೈಕ್ರಾನ್. ಸೂಕ್ಷ್ಮವಾದ ಅಳತೆಗಳನ್ನೆಲ್ಲ 20 ಡಿಗ್ರಿಯ ಲೆಕ್ಕದಲ್ಲಿಯೇ ಹೇಳಬೇಕೆಂಬ ಲೋಕನಿಯಮ ಇರುವುದು ಇದರಿಂದಲೇ. ಮೂರನೆಯದು ಉಕ್ಕಿನೊಳಗೆ ಅಡಗಿದ ಬಿಗುವು. ತಣ್ಣಗೆ ಎಳೆದು ಮಾಡಿದ ಸರಳಿನ ಹೊರಮೈಯನ್ನು ಕೊರೆದೊಡನೆ ಒಳಗಿನ ಬಿಗುವು ಸಡಿಲವಾಗಿ ಅದು ತಾನಾಗಿ ಡೊಂಕಾಗುತ್ತದೆ. ಅದಕ್ಕಾಗಿ ಮೊದಲೇ ಕಾಯಿಸಿ ನಿಧಾನವಾಗಿ ಆರಿಸುವುದುಂಟು. ಮುಗಿದ ಉದ್ದನೆಯ ತಿರುಪನ್ನು ಗೋಡೆಗೆ ಓರೆಯಾಗಿ ಒರಗಿಸದೆ ನೇರವಾಗಿ ತೂಗುಹಾಕುವುದುಂಟು.

ಎರಡನೆಯ ಬಗೆಯಲ್ಲಿ ಉಳಿಯೇ ಇಲ್ಲ. ಸುತ್ತು ಕೆತ್ತಿದ ಗಟ್ಟಿ ಉಕ್ಕಿನ ಎರಡು ಅಥವಾ ಮೂರು ಉರುಳೆಗಳ ನಡುವೆ ಸರಳನ್ನು ಹಾಯಿಸಿ ಒತ್ತುತ್ತಾರೆ. ಲೋಹ ತಗ್ಗಿನಿಂದ ಉಬ್ಬಿಗೆ ಹರಿದು ತಾನೇ ಸುತ್ತಾಗುತ್ತದೆ. ಒಂದು ಚೂರೂ ಉದುರುವುದಿಲ್ಲ. ಲೋಹದ ಎಳೆಗಳು ಕತ್ತರಿಸಿಹೋಗದೆ ಸುತ್ತಿನೊಡನೆ ಬಾಗುವುದರಿಂದ, ಮತ್ತೆ ಮತ್ತೆ ಬೀಳುವ ಭಾರವನ್ನು ಇಂತಹ ತಿರುಪು ಚೆನ್ನಾಗಿ ತಾಳುತ್ತದೆ. ಕೆಲಸವೂ ಶೀಘ್ರ. ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರುವ ಮೈಯೆಲ್ಲ ಸುತ್ತಿರುವ ಉದ್ದನೆಯ ಕಂಬಿಗಳಲ್ಲಿ ಬಹಳಷ್ಟು ಹೀಗೆ ಆದವು. ಮೂರನೆಯದು ಸಾಣೆ. ಕಾಯಿಸಿ ಗಟ್ಟಿಮಾಡಿದ ತಿರುಪಿಗೆ ಉಳಿ ಸುಲಭವಾಗಿ ಹತ್ತದಾದ್ದರಿಂದ ಸಾಣೆಚಕ್ರದಿಂದ ಅದರ ಸುತ್ತುಗಳನ್ನು ತಿದ್ದುತ್ತಾರೆ. ಅತ್ಯಂತ ನಿಖರ, ಅತ್ಯಂತ ದುಬಾರಿ. ಅವಸರ ಮಾಡಿದರೆ ಶಾಖದಿಂದ ಮೈ ಸುಟ್ಟು, ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಇವುಗಳ ಜೊತೆಗೆ, ಒಳಮುಖವಾಗಿ ಉಳಿಗಳನ್ನು ಜೋಡಿಸಿದ ಬಳೆಯೊಂದು ಸರಳಿನ ಸುತ್ತ ವೇಗವಾಗಿ ತಿರುಗುತ್ತ ಒಂದೇ ಓಟದಲ್ಲಿ ಪೂರ್ಣ ಆಳವನ್ನು ಕೊರೆಯುವ ವರ್ಲಿಂಗ್ ಎಂಬ ಕ್ರಮವೂ ಉದ್ದ ತಿರುಪುಗಳಿಗೆ ಬಳಕೆಯಲ್ಲಿದೆ.

ಇನ್ನು ಮೈಯ ನುಣುಪು. ಹಳೆಯ ನಕ್ಷೆಗಳಲ್ಲಿ ಇದನ್ನು ತ್ರಿಕೋನಗಳಿಂದ ತೋರಿಸುತ್ತಿದ್ದರು; ತ್ರಿಕೋನ ಹೆಚ್ಚಿದಷ್ಟೂ ನುಣುಪು ಹೆಚ್ಚು. ಇಂದು ಅಂಕಿಯಿಂದಲೇ ಹೇಳುತ್ತಾರೆ. ಗ್ರಾಮಫೋನಿನ ಮುಳ್ಳಿನಂತೆ ವಜ್ರದ ಮೊನೆಯೊಂದು ಲೋಹದ ಮೇಲೆ ಹರಿದಾಡಿ, ಏರುತಗ್ಗುಗಳ ಸರಾಸರಿಯನ್ನು ಮೈಕ್ರಾನಿನಲ್ಲಿ ಬರೆದಿಡುತ್ತದೆ. ಲೇತಿನಲ್ಲಿ ಕೊರೆದ ಮೈ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಮೈಕ್ರಾನ್. ಉರುಳೆಯದೂ ಸಾಣೆಯದೂ ಬಹುಮಟ್ಟಿಗೆ ಒಂದು ಮೈಕ್ರಾನಿಗಿಂತ ಕಡಮೆ. ನುಣುಪು ಬೇಕಾಗಿರುವುದು ನಟ್ಟು ಉಜ್ಜುವ ಪಕ್ಕಗಳಲ್ಲಿ, ಮೇಲಿನ ಏಣಿನಲ್ಲಲ್ಲ. ಉಜ್ಜುವ ಜಾಗದಲ್ಲಿಯೂ ಎಣ್ಣೆ ತಂಗುವಷ್ಟು ಸೂಕ್ಷ್ಮ ತಗ್ಗುಗಳು ಉಳಿದಿರಬೇಕು. ನಮ್ಮ ಕಣ್ಣಿಗೆ ಬೀಳುವುದಾದರೋ ಏಣಿನ ಹೊಳಪು ಮಾತ್ರ.

ಹೊಳಪಿಗಾಗಿ ಕೊಡುವ ಲೇಪದಲ್ಲಿ ಇನ್ನೊಂದು ಮೋಸವಿದೆ. ಹತ್ತು ಮೈಕ್ರಾನ್ ದಪ್ಪದ ಲೇಪ ಕೊಟ್ಟರೆ ನುಣ್ಣನೆಯ ದುಂಡು ಸರಳಿನ ವ್ಯಾಸ ಇಪ್ಪತ್ತು ಮೈಕ್ರಾನ್ ಹೆಚ್ಚುತ್ತದೆ. ಪ್ರತಿ ಪಕ್ಕಕ್ಕೆ ಹತ್ತು. ಆದರೆ ತಿರುಪಿನಲ್ಲಿ ಲೇಪ ಕೂರುವುದು ಸುತ್ತಿನ ಓರೆ ಪಕ್ಕಗಳ ಮೇಲೆ. ಪಕ್ಕಗಳು ಕಡಿದಾದಷ್ಟೂ ಆ ಅಲ್ಪ ದಪ್ಪ ವ್ಯಾಸದ ಲೆಕ್ಕದಲ್ಲಿ ದೊಡ್ಡದಾಗುತ್ತದೆ. 60 ಡಿಗ್ರಿಯ ಸಾಮಾನ್ಯ ಬೋಲ್ಟಿನಲ್ಲಿ ನಟ್ಟು ಕೂರುವ ವ್ಯಾಸ ಲೇಪದ ನಾಲ್ಕು ಪಟ್ಟು, ಎಂದರೆ 40 ಮೈಕ್ರಾನ್ ಹೆಚ್ಚುತ್ತದೆ. ಒತ್ತುಯಂತ್ರಗಳಿಗೆ ಬಳಸುವ 30 ಡಿಗ್ರಿಯ ತಿರುಪಿನಲ್ಲಿ ಅದು ಸುಮಾರು ಎಂಟು ಪಟ್ಟು! ಲೇಪವೂ ಎಲ್ಲೆಡೆ ಒಂದೇ ಸಮನಾಗಿ ಕೂರದೆ, ಏಣುಗಳಲ್ಲಿಯೂ ತುದಿಗಳಲ್ಲಿಯೂ ಹೆಚ್ಚು ಕೂರುತ್ತದೆ.

ನಮ್ಮ ಒರಳಿನ ಅವಸ್ಥೆಗೆ ಕಾರಣ ಈಗ ತಿಳಿಯಿತು. ಸವೆದ ಲೀಡ್ ಸ್ಕ್ರೂವಿನಿಂದ ಹುಟ್ಟಿದ ಆ ತಿರುಪಿನ ಪಿಚ್ ಸ್ವಲ್ಪ ತಪ್ಪಾಗಿತ್ತು. ಎರಡು ಸುತ್ತು ಒಳಹೊಕ್ಕಾಗ ಎರಡು ಸುತ್ತಿನ ತಪ್ಪು; ಆರು ಸುತ್ತು ಹೊಕ್ಕಾಗ ಆರರ ತಪ್ಪು. ನಟ್ಟಿನೊಳಗೆ ಬಿಟ್ಟಿದ್ದ ಸಂದು ಅದನ್ನು ಹೇಗೋ ಸಹಿಸುತ್ತಿತ್ತೇನೋ. ಆ ಸಂದನ್ನು ನಿಕ್ಕಲ್ ಮೊದಲೇ ತುಂಬಿಬಿಟ್ಟಿತ್ತು. ದೋಷವನ್ನು ಮುಚ್ಚಲು ಬಂದ ಹೊಳಪೇ ದೋಷವನ್ನು ಬಿಗಿಯಿತು.

“ಇದು ನನಗೆ ಪುಸ್ತಕದಿಂದ ಬಂದದ್ದಲ್ಲ ಸ್ವಾಮಿ,” ಎಂದರು ಮೇಸ್ತ್ರಿಗಳು. ವರ್ಷಗಳ ಹಿಂದೆ ಆಸ್ಪತ್ರೆಯ ಮಂಚಗಳಿಗೆಂದು ಒಬ್ಬ ವ್ಯಾಪಾರಿ ಅವರಿಂದ ನಲವತ್ತು ಉದ್ದನೆಯ ತಿರುಪುಗಳನ್ನು ಮಾಡಿಸಿದನಂತೆ. ನಕ್ಷೆಯಲ್ಲಿ ಇದ್ದ ಅಳತೆಗೆ ಕೂದಲೆಳೆ ತಪ್ಪದಂತೆ ಕೊರೆದರು. ಕೊನೆಯಲ್ಲಿ ಆತ ‘ಹೊಳೆಯಬೇಕು’ ಎಂದನು, ಲೇಪಕ್ಕೆ ಕಳುಹಿಸಿದರು. ಹಿಂದಿರುಗಿದ ನಲವತ್ತರಲ್ಲಿ ಒಂದಕ್ಕೂ ನಟ್ಟು ಹತ್ತಲಿಲ್ಲ. ಲೇಪಕ್ಕೆಂದು ಮೊದಲೇ ಅಳತೆ ಕಡಮೆ ಮಾಡಬೇಕೆಂಬುದು ನಕ್ಷೆಯಲ್ಲಿರಲಿಲ್ಲ. ಇವರಿಗೆ ಆಗ ತಿಳಿದಿರಲಿಲ್ಲ. ವ್ಯಾಪಾರಿ ಹಣ ಕೊಡಲಿಲ್ಲ. ಆ ತಿಂಗಳು ಇಬ್ಬರು ಕೆಲಸಗಾರರ ಸಂಬಳಕ್ಕೆ ಮನೆಯವರ ಬಳೆಗಳನ್ನು ಅಡವಿಟ್ಟರಂತೆ. “ನಕ್ಷೆ ಬರೆದವರನ್ನ ಬಯ್ಯೋದಕ್ಕಾಗುತ್ತಾ? ಕೇಳದೇ ಇದ್ದವನು ನಾನು. ಈಗ ಯಾರೇ ಬರಲಿ, ಲೇಪ ಉಂಟೋ ಇಲ್ಲವೋ ಅಂತ ಮೊದಲು ಕೇಳ್ತೀನಿ. ಆಮೇಲೆ ಉಳಿ ಹಿಡೀತೀನಿ.”

ನಮಗೆ ಅವರು ಹೊಸ ತಿರುಪನ್ನು ಮಾಡಿಕೊಟ್ಟರು. ಲೇಪವಿಲ್ಲ. ಕೊರೆದಾದ ಮೇಲೆ ನಟ್ಟೊಂದನ್ನು ಹಾಕಿ, ಎಮರಿಯ ನುಣ್ಣನೆಯ ಪುಡಿಯೊಡನೆ ಹಿಂದಕ್ಕೂ ಮುಂದಕ್ಕೂ ಓಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರು. ರೋಲೆಂಡನ ಹೆಸರನ್ನು ಅವರು ಕೇಳಿರಲಾರರು. ಕೆಲಸ ಮಾತ್ರ ಅವನದೇ.

ಉದ್ದನೆಯ ತಿರುಪಿರುವ ಯಾವ ವಸ್ತುವನ್ನು ಕೊಳ್ಳುವಾಗಲೂ ಗೃಹಸ್ಥರು ಮಾಡಬಹುದಾದ ಪರೀಕ್ಷೆಗಳನ್ನು ಮೇಸ್ತ್ರಿಗಳೇ ಹೇಳಿದರು. ತಿರುಪನ್ನು ಕಳಚಬಹುದಾದರೆ ಗಾಜಿನ ಮೇಲೆ ಉರುಳಿಸಿರಿ. ಕೆಳಗಿನ ಸಂದಿನಲ್ಲಿ ಬೆಳಕು ಹೆಚ್ಚುಕಡಮೆಯಾಗುತ್ತಿದ್ದರೆ ಅದು ಡೊಂಕು. ನಟ್ಟನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈಬೆರಳಿನಿಂದಲೇ ತಿರುಗಿಸಿ. ಎಲ್ಲಿಯೂ ಬಿಗಿಯಬಾರದು, ಎಲ್ಲಿಯೂ ಅಲುಗಾಡಬಾರದು. ಎರಡು ಸುತ್ತಿಗೆ ತೃಪ್ತರಾಗಬೇಡಿರಿ. ಸುತ್ತಿನ ಪಕ್ಕಕ್ಕೆ ಉಗುರನ್ನು ತಾಗಿಸಿ, ಗರಗಸದಂತೆ ಹಿಡಿಯಬಾರದು. ಕೊಂಡ ಮೇಲೆ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಇಡಿರಿ. ಲೇಪವಿಲ್ಲದ ಉಕ್ಕಿಗೆ ಅದೇ ರಕ್ಷೆ.

ಮುಂದಿನ ಹಬ್ಬಕ್ಕೆ ಒರಳು ಅಟ್ಟದಿಂದ ಇಳಿಯಿತು. ಹೊಸ ತಿರುಪಿನ ಮಂಕು ಬಣ್ಣವನ್ನು ನೋಡಿ ಮನೆಯಲ್ಲಿ ಯಾರಿಗೂ ಅಷ್ಟು ಸಂತೋಷವಾಗಲಿಲ್ಲ. “ಇದಕ್ಕೂ ಅಷ್ಟೇ ಹಣ ಕೊಟ್ಟಿರಾ?” ಎಂದು ಮನೆಯವಳು ಕೇಳಿದಳು. ನಾನು ಮಾತನಾಡದೆ ಹಿಡಿಯನ್ನು ತಿರುಗಿಸಿದೆನು. ಆರನೆಯ ಸುತ್ತು ದಾಟಿತು, ಹತ್ತನೆಯದೂ ದಾಟಿತು. ಕೊಳವೆ ಬರಿದಾಗುವವರೆಗೆ ಶ್ಯಾವಿಗೆ ಎಲ್ಲಿಯೂ ಕಡಿಯದೆ ಇಳಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಎರಡನೆಯ ಉಂಡೆ ಸಿದ್ಧವಾಗಿತ್ತು.